ಪದಪಟ್ಟಿಯ ಪುರಾಣ

ಹೈಸ್ಕೂಲಿನ ಕೊನೆಯ ವರ್ಷದಲ್ಲಿ ನನ್ನ ಬಳಿ ಒಂದು ನೋಟುಪುಸ್ತಕವಿತ್ತು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ದಿನಕ್ಕೆ ಹತ್ತರಂತೆ ಬಾಯಿಪಾಠ. ಪದ ಕಠಿಣವಾದಷ್ಟೂ ನನಗೆ ಅದರ ಮೇಲೆ ಮೋಹ ಹೆಚ್ಚು. ‘ಪಲ್ಕ್ರಿಟ್ಯೂಡ್’ ಎಂದರೆ ಸೌಂದರ್ಯ ಎಂದು ತಿಳಿದ ವಾರವೇ ಹಸುವಿನ ಮೇಲೆ ಬರೆದ ಪ್ರಬಂಧದಲ್ಲಿ ಅದನ್ನು ಬಳಸಿಬಿಟ್ಟೆ. ನಮ್ಮ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, “ಏನಯ್ಯಾ, ಹಸುವನ್ನು ಮದುವಣಗಿತ್ತಿ ಮಾಡಿದ್ದೀಯಲ್ಲ!” ಎಂದರು. ತರಗತಿಯೆಲ್ಲ ನಕ್ಕಿತು. ನಾನು ಮಾತ್ರ ಅದನ್ನು ಹೊಗಳಿಕೆಯೆಂದೇ ತಿಳಿದೆ.

ಮರುವರ್ಷ ಕಾಲೇಜಿಗೆ ಸೇರಿದೆ. ಗಣಿತದ ಅಧ್ಯಾಪಕರು ಬಾಯಿ ತೆರೆದರೆ ‘ಅಸ್ಯೂಮ್’ ಎನ್ನುತ್ತಿದ್ದರು. ‘ಹೀಗೆಂದು ಇಟ್ಟುಕೊಳ್ಳೋಣ’ ಎಂಬ ಅಷ್ಟು ಸಣ್ಣ ಅರ್ಥ ನನಗೆ ತಿಳಿದಿರಲಿಲ್ಲ. ನನ್ನ ನೋಟುಪುಸ್ತಕದಲ್ಲಿ ಪಲ್ಕ್ರಿಟ್ಯೂಡ್ ಇತ್ತು, ಅಸ್ಯೂಮ್ ಇರಲಿಲ್ಲ! ಕನ್ನಡ ಮಾಧ್ಯಮದಿಂದ ಬಂದ ನಾವು ಕೆಲವರು ಹಿಂದಿನ ಬೆಂಚಿನಲ್ಲಿ ಮುಖ ಮುಖ ನೋಡಿಕೊಂಡೆವು. ಅವರಲ್ಲಿ ಇಬ್ಬರು ದೀಪಾವಳಿ ರಜಕ್ಕೆ ಊರಿಗೆ ಹೋದವರು ಹಿಂತಿರುಗಲೇ ಇಲ್ಲ. ಅವರು ದಡ್ಡರಾಗಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು.

ಹಾಗಾದರೆ ದೊಡ್ಡ ತರಗತಿಯ ಹುಡುಗರು ಕಲಿಯಬೇಕಾದ ಪದಗಳು ಯಾವುವು? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದರ ಎರಡು ಎಳೆಗಳು 1926ನೆಯ ಇಸವಿಯಲ್ಲೇ ನಮ್ಮ ಕೈಗೆ ಸಿಗುತ್ತವೆ: ಒಂದು ಅಮೆರಿಕದಲ್ಲಿ, ಇನ್ನೊಂದು ಆಗಿನ ಅವಿಭಜಿತ ಬಂಗಾಳದಲ್ಲಿ.

ಆ ವರ್ಷದ ಜೂನ್ 23ರಂದು ಅಮೆರಿಕದಲ್ಲಿ ಸುಮಾರು 8,000 ವಿದ್ಯಾರ್ಥಿಗಳು ಒಂದು ಹೊಸ ಪರೀಕ್ಷೆಗೆ ಕುಳಿತರು. ಕಾಲೇಜು ಪ್ರವೇಶಕ್ಕಾಗಿ ಏರ್ಪಟ್ಟ ಆ ಪರೀಕ್ಷೆಯೇ ಮುಂದೆ ಎಸ್.ಎ.ಟಿ. ಎಂದು ಹೆಸರಾಯಿತು. ಪದಗಳ ಅರ್ಥ, ವಿರುದ್ಧಪದ, ಪದಗಳ ನಡುವಣ ಸಾದೃಶ್ಯ, ಇವೆಲ್ಲ ಅದರಲ್ಲಿ ಮುಖ್ಯ ಭಾಗಗಳು. ಅದನ್ನು ರೂಪಿಸಿದವರು ಪ್ರಿನ್ಸ್‌ಟನ್ನಿನ ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್. ಈ ಮಹಾಶಯರು 1923ರಲ್ಲಿ ಒಂದು ಪುಸ್ತಕ ಬರೆದು, ಸೈನ್ಯದ ಬುದ್ಧಿಪರೀಕ್ಷೆಗಳ ಆಧಾರದ ಮೇಲೆ ಉತ್ತರ ಯೂರೋಪಿನ ಜನಾಂಗವೇ ಬುದ್ಧಿಯಲ್ಲಿ ಮೇಲು ಎಂದು ಸಾರಿದ್ದರು. ಆದರೆ 1930ರಲ್ಲಿ ತಾವೇ ಆ ವಾದವನ್ನು ಹಿಂತೆಗೆದುಕೊಂಡರು. ಮನೆಯಲ್ಲಿ ಬೇರೆ ಭಾಷೆಯಾಡುವವರನ್ನು ಇಂಗ್ಲಿಷ್ ಪರೀಕ್ಷೆಯಿಂದ ಅಳೆದು ಇತರರೊಡನೆ ಹೋಲಿಸುವುದು ಸಲ್ಲದೆಂದು ಒಪ್ಪಿಕೊಂಡರು. ಹೀಗೆ ತಪ್ಪೊಪ್ಪಿಕೊಳ್ಳುವುದು ವಿದ್ವಾಂಸರಲ್ಲಿ ಅಪರೂಪ. ಅದಕ್ಕಾಗಿ ಅವರನ್ನು ಮೆಚ್ಚಬೇಕು. ಗುರು ತಿದ್ದಿಕೊಂಡರೂ ಪರೀಕ್ಷೆ ಮಾತ್ರ ಉಳಿಯಿತು. ಅದರ ಹಿಂದೆಯೇ ಅಪರೂಪದ ಪದಗಳ ಪಟ್ಟಿ ಮಾಡಿ ಉರುಹೊಡೆಯುವ ವ್ಯವಸಾಯವೂ ಬೆಳೆಯಿತು.

ಇನ್ನು ಬಂಗಾಳದ ಕಡೆ ತಿರುಗೋಣ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಮೈಕಲ್ ವೆಸ್ಟ್ ಎಂಬ ಇಂಗ್ಲಿಷ್ ಗೃಹಸ್ಥರಿದ್ದರು. ಅವರ ಬರಹ ಕಲ್ಕತ್ತೆಯಲ್ಲಿ ಅಚ್ಚಾದದ್ದೂ 1926ರಲ್ಲೇ. ಬಂಗಾಳಿ ಹುಡುಗರಲ್ಲಿ ಬಹುಪಾಲು ಜನ ಓದು ಮುಗಿಸದೆ ಶಾಲೆ ಬಿಡುತ್ತಾರೆ. ಹಾಗೆ ನಡುವೆ ಬಿಟ್ಟವನ ಕೈಯಲ್ಲಿ ಏನು ಉಳಿಯಿತು ಎಂಬುದು ಅವರು ಕೇಳಿದ ಪ್ರಶ್ನೆ. ಕಂತು ಕಟ್ಟುವುದನ್ನು ನಿಲ್ಲಿಸಿದವನಿಗೆ ವಿಮೆಯಿಂದ ಎಷ್ಟು ಹಿಂದಕ್ಕೆ ಬರುತ್ತದೆ ಎಂದು ಕೇಳುವಂತೆಯೇ ಇದು. ಅದಕ್ಕಾಗಿ ಅವರು ವಾಚನ ಪುಸ್ತಕಗಳಿಂದ ಹಳಸಿದ ಹಾಗೂ ವಿರಳವಾದ ಪದಗಳನ್ನು ತೆಗೆದು ಬಳಕೆಯ ಪದಗಳನ್ನಿಟ್ಟರು. ಹೊಸ ಪದಗಳನ್ನು ಒಂದೇ ಪುಟದಲ್ಲಿ ಸುರಿಯದೆ ದೂರ ದೂರ ಹರಡಿದರು. ಈ ದಾರಿಯ ಫಲವಾಗಿ 1953ರಲ್ಲಿ ಸುಮಾರು 2,000 ಪದಗಳ ಅವರ ಸಾಮಾನ್ಯ ಬಳಕೆಯ ಪಟ್ಟಿ ಹೊರಬಂತು. ಒಬ್ಬರ ಪಟ್ಟಿ ಜರಡಿಯಾದರೆ, ಇನ್ನೊಬ್ಬರದು ಏಣಿ.

ವೆಸ್ಟರ ಏಣಿಗೆ ಮುಂದಿನ ಮೆಟ್ಟಿಲು ಕಟ್ಟಿದ್ದು 2000ದಲ್ಲಿ. ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ ಆವೆರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿ ವಿದ್ಯಾಭ್ಯಾಸದ ಬರಹಗಳಲ್ಲಿನ ಸುಮಾರು 35 ಲಕ್ಷ ಪದಗಳನ್ನು ಜಾಲಾಡಿದರು. ವೆಸ್ಟರ ಪಟ್ಟಿಯನ್ನು ಬದಿಗಿಟ್ಟು, ಎಲ್ಲ ಶಾಸ್ತ್ರಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಆರಿಸಿದರು. ‘ಎವಿಡೆನ್ಸ್’, ‘ಕಾನ್ಸೆಪ್ಟ್’, ‘ಅನಲೈಸ್’ ಇಂಥವು. ಆ ಪಟ್ಟಿಯನ್ನು ನೋಡುತ್ತ ಹೋದಾಗ ನನ್ನ ಹಳೆಯ ವೈರಿ ‘ಅಸ್ಯೂಮ್’ ಅಲ್ಲಿ ಕುಳಿತಿತ್ತು! ಹಿಂದಿನ ಬೆಂಚಿನ ಆ ಇಬ್ಬರ ನೆನಪಾಯಿತು.

ಅಮೆರಿಕದ ಪರೀಕ್ಷೆಯೂ ನಿಧಾನವಾಗಿ ದಾರಿ ಬದಲಿಸಿತು. 1994ರಲ್ಲಿ ವಿರುದ್ಧಪದಗಳು ಹೋದವು, 2005ರಲ್ಲಿ ಸಾದೃಶ್ಯಗಳು. 2016ರಿಂದ ಪದದ ಅರ್ಥವನ್ನು ಓದಿಗೆ ಕೊಟ್ಟ ಭಾಗದ ಸಂದರ್ಭದಿಂದಲೇ ಕೇಳತೊಡಗಿದರು. ಢಾಕಾದ ಮೇಷ್ಟ್ರು ಹೇಳಿದ ಕಡೆಗೆ ಬರಲು ಅವರಿಗೆ 90 ವರ್ಷ ಹಿಡಿಯಿತು.

ಹಾಗೆಂದು ದೊಡ್ಡ ಪದಗಳೇ ಬೇಡವೆಂದು ನಾನು ಹೇಳುವುದಿಲ್ಲ. ನಾರ್ಮನ್ ಲೂಯಿಸ್ 1949ರಲ್ಲಿ ಬರೆದ ‘ವರ್ಡ್ ಪವರ್ ಮೇಡ್ ಈಸಿ’ ನಮ್ಮ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವುದಕ್ಕೆ ಕಾರಣವಿದೆ. ಆತ ಪದವನ್ನು ಧಾತುವಿನಿಂದ ಕಲಿಸುತ್ತಾನೆ. ಈ ಉಪಾಯ ನಮಗೇನೂ ಹೊಸದಲ್ಲ. ‘ಭೂ’ ಎಂದರೆ ನೆಲ ಎಂದು ಬಲ್ಲ ಹುಡುಗನಿಗೆ ಭೂಗೋಳ, ಭೂಕಂಪ, ಭೂಗರ್ಭಗಳನ್ನು ಬೇರೆ ಬೇರೆಯಾಗಿ ಉರುಹೊಡೆಸಬೇಕೆ? ಹಾಗೆಯೇ ‘ಜಿಯೋ’ ಎಂದರೆ ನೆಲ ಎಂದರೆ ಸಾಕು, ಜಿಯಾಗ್ರಫಿ, ಜಿಯಾಲಜಿಗಳು ಜೊತೆಯಲ್ಲೇ ಬರುತ್ತವೆ. ನಮಗೆ ಸಂಸ್ಕೃತ ಹೇಗೋ ಇಂಗ್ಲಿಷಿಗೆ ಗ್ರೀಕ್, ಲ್ಯಾಟಿನ್ ಹಾಗೆ. ಕನ್ನಡವನ್ನು ಚೆನ್ನಾಗಿ ಕಲಿತ ಮಗುವಿಗೆ ಈ ಕೀಲಿಕೈ ಆಗಲೇ ಕೈಯಲ್ಲಿದೆ; ಯಾರಾದರೂ ಅದನ್ನು ತೋರಿಸಿಕೊಡಬೇಕು, ಅಷ್ಟೆ.

ಮೊನ್ನೆ ನೆರೆಮನೆಯ ಹುಡುಗಿ ಸಾವಿರ ಕಠಿಣ ಪದಗಳ ಪಟ್ಟಿ ಹಿಡಿದು ಬಂದು, “ತಾತ, ಇದನ್ನು ಒಪ್ಪಿಸುತ್ತೇನೆ, ಕೇಳಿ” ಎಂದಳು. ಕೇಳಿದೆ, ತಡವರಿಸದೆ ಒಪ್ಪಿಸಿದಳು. ಆಮೇಲೆ ಅಂದಿನ ಇಂಗ್ಲಿಷ್ ಪತ್ರಿಕೆಯನ್ನು ಅವಳ ಮುಂದಿಟ್ಟು, “ಇದನ್ನೂ ಒಂದಿಷ್ಟು ಓದಮ್ಮಾ” ಎಂದೆ. ಎರಡನೆಯ ವಾಕ್ಯದಲ್ಲೇ ನಿಂತಳು. ಪಟ್ಟಿಯನ್ನು ಮಡಿಸಿಟ್ಟು ಇಬ್ಬರೂ ಆ ವಾಕ್ಯದಿಂದಲೇ ಮತ್ತೆ ಶುರುಮಾಡಿದೆವು.