ಸೀಟಿ ಊದಿದ ಮೇಲೆ



ಕಾಲ್ಚೆಂಡಿನ ಪಂದ್ಯವೊಂದು ತೊಂಬತ್ತು ನಿಮಿಷಗಳಲ್ಲಿ ಮುಗಿಯುತ್ತದೆ ಎಂಬುದು ನಿಯಮದ ಪುಸ್ತಕದ ಮಾತು. ಪರಸ್ಪರ ಹಟ ತೊಟ್ಟ ಎರಡು ತಂಡಗಳ ಪಂದ್ಯ ಎಂದೂ ಹಾಗೆ ಮುಗಿದದ್ದಿಲ್ಲ. ರೆಫರಿ ಕೊನೆಯ ಸೀಟಿ ಊದಿ ಮನೆಗೆ ಹೋದ ಮೇಲೆ ಎರಡನೆಯ ಪಂದ್ಯ ಮೊದಲಾಗುತ್ತದೆ. ಹೋಟೆಲಿನ ಬೆಂಚು, ಬಸ್ ನಿಲ್ದಾಣದ ಕಟ್ಟೆ, ಕ್ಷೌರದ ಅಂಗಡಿ ಇವೇ ಅದರ ಮೈದಾನ. ಆಡುವವರು ಸಾವಿರಾರು ಮಂದಿ. ಆಟ ನಿಲ್ಲಿಸುವ ಸೀಟಿ ಮಾತ್ರ ಯಾರ ಬಳಿಯೂ ಇಲ್ಲ. ಈ ಎರಡನೆಯ ಪಂದ್ಯದ ಚರಿತ್ರೆಯನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ನಿವೇದಿಸಬೇಕೆಂದಿದ್ದೇನೆ.

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಪಂದ್ಯವೊಂದು ನಡೆಯಿತು. ನೀಲಿ ಅಂಗಿಯ ಬೆಂಗಳೂರು ಒಂದು ಕಡೆ, ಹಳದಿ ಅಂಗಿಯ ಕೇರಳ ಬ್ಲಾಸ್ಟರ್ಸ್ ಇನ್ನೊಂದು ಕಡೆ. ಸೋತವರು ಮನೆಗೆ ಹೋಗಬೇಕಾದ ಪಂದ್ಯ. ತೊಂಬತ್ತು ನಿಮಿಷಗಳಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚುವರಿ ಅವಧಿ ಆರಂಭವಾದ ಸ್ವಲ್ಪ ಹೊತ್ತಿಗೆ ಬೆಂಗಳೂರಿಗೆ ಒಂದು ಫ್ರೀ ಕಿಕ್ ದೊರೆಯಿತು. ಕೇರಳದವರು ಇನ್ನೂ ಗೋಡೆ ಕಟ್ಟುವ ಸಿದ್ಧತೆಯಲ್ಲಿದ್ದರು. ಅವರ ಗೋಲ್‌ಕೀಪರ್ ತನ್ನ ಜಾಗದಲ್ಲಿ ನೆಲೆನಿಂತಿರಲಿಲ್ಲ. ಅಷ್ಟರಲ್ಲಿ ಸುನಿಲ್ ಛೇತ್ರಿ ಚೆಂಡನ್ನು ಒದ್ದರು. ಅದು ಬಲೆಯೊಳಗೆ ಹೋಯಿತು. ರೆಫರಿ ಕ್ರಿಸ್ಟಲ್ ಜಾನ್ ಗೋಲೆಂದು ಸಾರಿದರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದರು. ಅವರು ಮತ್ತೆ ಒಳಗೆ ಬರಲಿಲ್ಲ. ಕಾದು ಕಾದು, ಕೊನೆಗೆ ಬೆಂಗಳೂರು ಗೆದ್ದಿತೆಂದು ಘೋಷಿಸಲಾಯಿತು.

ಈ ಗೆಲುವು ಬಳ್ಳಾರಿಯ ಮಟ್ಟಿಗೆ ದೂರದ ಸುದ್ದಿಯಾಗಿರಲಿಲ್ಲ. ಬೆಂಗಳೂರು ತಂಡದ ಒಡೆತನ ಜಿಂದಾಲ್ ಸಂಸ್ಥೆಯದು. ಆ ಸಂಸ್ಥೆಯ ಉಕ್ಕಿನ ಕಾರ್ಖಾನೆ ಇರುವುದು ನಮ್ಮ ತೋರಣಗಲ್ಲಿನಲ್ಲಿ. ಅದರ ಮಗ್ಗುಲಲ್ಲೇ 2018ರಲ್ಲಿ ಒಂದು ಕ್ರೀಡಾ ಶಿಕ್ಷಣ ಸಂಸ್ಥೆ ತಲೆಯೆತ್ತಿತು. ಬೆಂಗಳೂರು ತಂಡದವರು ಅಲ್ಲಿಗೆ ಬಂದು ಅಭ್ಯಾಸ ನಡೆಸಿದ್ದುಂಟು. ಹೀಗಾಗಿ ನಮ್ಮ ಹುಡುಗರ ಪಾಲಿಗೆ ಅದು ‘ನಮ್ಮ ತಂಡ’.

ಆ ವಾರ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರು ಊರುಗಳಲ್ಲಿ ಓಡಾಡುವ ಸಂದರ್ಭ ನನಗೆ ಒದಗಿತ್ತು. ಬಳ್ಳಾರಿಯ ಹೋಟೆಲೊಂದರಲ್ಲಿ ವಗ್ಗರಣೆ ಮಿರ್ಚಿಯ ತಟ್ಟೆಗಳ ನಡುವೆ ಕಾನೂನಿನ ಚರ್ಚೆ ನಡೆದಿತ್ತು. ಫ್ರೀ ಕಿಕ್ ಹೊಡೆಯುವವನು ಎದುರಾಳಿಗಳು ಹತ್ತು ಗಜ ಹಿಂದೆ ಸರಿಯಲೆಂದು ಕೇಳಬಹುದು. ಹಾಗೆ ಕೇಳಿದರೆ ರೆಫರಿಯ ಸೀಟಿಗೆ ಕಾಯಬೇಕು. ಕೇಳದೆ ಬೇಗನೆ ಹೊಡೆಯುವುದಾದರೆ ಸೀಟಿಯ ಅಗತ್ಯವಿಲ್ಲ. ಇದು ಒಬ್ಬ ತರುಣ ಬಿಡಿಸಿ ಹೇಳಿದ ನಿಯಮ. ನಿಯಮ ಇರುವುದೂ ಹಾಗೆಯೇ. ಹಾಗಾದರೆ ಛೇತ್ರಿ ಸೀಟಿಗೆ ಕಾಯಬೇಕಾದ ಸ್ಥಿತಿ ಆಗಲೇ ಉಂಟಾಗಿತ್ತೇ ಇಲ್ಲವೇ ಎಂಬಲ್ಲಿ ತಕರಾರು ಹುಟ್ಟಿತು. ಅದು ಆ ದಿನ ಇತ್ಯರ್ಥವಾಗಲಿಲ್ಲ.

ಸಿರುಗುಪ್ಪದಲ್ಲಿ ಪ್ರಶ್ನೆ ಬೇರೆಯ ರೂಪ ತಾಳಿತ್ತು. ನಿಯಮದಲ್ಲಿ ಇದ್ದರೇನಂತೆ, ಎದುರಾಳಿ ಸಿದ್ಧನಾಗುವ ಮೊದಲೇ ಹೊಡೆಯುವುದು ಮರ್ಯಾದೆಯೇ ಎಂದು ಒಬ್ಬರು ಕೇಳಿದರು. ಯುದ್ಧಕ್ಕೆ ನಿಂತವನು ಮೈಮರೆತರೆ ತಪ್ಪು ಯಾರದು ಎಂದು ಮತ್ತೊಬ್ಬರು ಮರುಸವಾಲು ಹಾಕಿದರು. ಕುರುಗೋಡಿನಲ್ಲಿ ಗೋಲಿನ ಮಾತೇ ಹಿಂದೆ ಬಿದ್ದಿತ್ತು. ಅಲ್ಲಿನ ಹಿರಿಯರೊಬ್ಬರಿಗೆ ಕಾಲ್ಚೆಂಡಿಗಿಂತ ಕುಸ್ತಿಯ ಪರಿಚಯ ಹೆಚ್ಚು. ತೀರ್ಪು ತಪ್ಪೇ ಇರಲಿ, ಅಖಾಡ ಬಿಟ್ಟು ಎದ್ದು ಹೋದವನ ಮಾತನ್ನು ಆಮೇಲೆ ಯಾರು ಕೇಳುತ್ತಾರೆ ಎಂಬುದು ಅವರ ವಾದ. ಮೂರು ಊರುಗಳ ಈ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ರೆಫರಿ ಎಂಬ ವ್ಯಕ್ತಿ ಚರಿತ್ರೆಯಲ್ಲಿ ಹೇಗೆ ಹುಟ್ಟಿದನೆಂದು ವಿಚಾರಿಸಬೇಕೆನಿಸಿತು.

ಆಶ್ಚರ್ಯದ ಸಂಗತಿಯೆಂದರೆ, ಆಧುನಿಕ ಕಾಲ್ಚೆಂಡಾಟ ಹುಟ್ಟಿದಾಗ ರೆಫರಿಯೇ ಇರಲಿಲ್ಲ. 1863ರಲ್ಲಿ ಲಂಡನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪನೆಯಾಗಿ 13 ನಿಯಮಗಳನ್ನು ರಚಿಸಿತು. ಅವುಗಳಲ್ಲಿ ತೀರ್ಪುಗಾರನ ಸುಳಿವೇ ಇಲ್ಲ. ಸಭ್ಯರು ಆಡುವ ಆಟದಲ್ಲಿ ತಪ್ಪಾದರೆ ಎರಡೂ ತಂಡಗಳ ನಾಯಕರು ಮಾತಾಡಿ ಬಗೆಹರಿಸಿಕೊಳ್ಳುತ್ತಾರೆ ಎಂಬ ಭರವಸೆ. ಭರವಸೆ ಬಹುಕಾಲ ಬಾಳಲಿಲ್ಲ. ತಂಡಕ್ಕೊಬ್ಬರಂತೆ ಇಬ್ಬರು ಅಂಪೈರುಗಳು ಬಂದರು. ಆಟಗಾರರು ತಕರಾರು ಎತ್ತಿದರೆ ಮಾತ್ರ ಅವರು ಬಾಯಿ ತೆರೆಯಬೇಕು. ತನ್ನ ತಂಡದ ಅಂಪೈರು ತನ್ನ ತಂಡದ ಕಣ್ಣಿನಿಂದಲೇ ಕಾಣುವುದು ಸಹಜವಲ್ಲವೆ? ಇಬ್ಬರೂ ಒಪ್ಪದಾಗ ವ್ಯಾಜ್ಯವನ್ನು ಯಾರ ಮುಂದೆ ಒಯ್ಯುವುದು? ಅದಕ್ಕಾಗಿ ಮೂರನೆಯವನೊಬ್ಬ ಗೆರೆಯ ಹೊರಗೆ ನಿಂತ. 1881ರಲ್ಲಿ ನಿಯಮ ಅವನನ್ನು ಗುರುತಿಸಿತು. ರೆಫರಿ ಎಂಬ ಹೆಸರಿನ ಅರ್ಥವೇ ಅದು: ವಿವಾದವನ್ನು ಯಾರ ಮುಂದೆ ಒಯ್ಯುತ್ತೇವೆಯೋ ಅವನು. 1891ರಲ್ಲಿ ಅವನು ಗೆರೆ ದಾಟಿ ಮೈದಾನದೊಳಗೆ ಬಂದ. ಅಂಪೈರುಗಳಿಬ್ಬರೂ ಗೆರೆ ಕಾಯುವವರಾಗಿ ಹೊರಗೆ ಸರಿದರು. ಪೆನಾಲ್ಟಿ ಎಂಬ ಶಿಕ್ಷೆ ಹುಟ್ಟಿದ್ದೂ ಅದೇ ವರ್ಷ.

ಈ ಕ್ರಮದಲ್ಲಿ ಒಂದು ತಥ್ಯ ಅಡಗಿದೆ. ರೆಫರಿ ಎಲ್ಲವನ್ನೂ ಕಾಣಬಲ್ಲನೆಂದು ನಂಬಿ ಯಾರೂ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಮ್ಮ ನಮ್ಮ ಕಣ್ಣುಗಳನ್ನು ನಾವೇ ನಂಬಲಾರೆವೆಂದು ಗೊತ್ತಾದ ಮೇಲೆ ಅವನನ್ನು ಕರೆದೆವು. ಆಟದ ವಾಸ್ತವಾಂಶಗಳ ಬಗ್ಗೆ ಅವನ ತೀರ್ಪು ಅಂತಿಮ ಎಂದು ನಿಯಮ ಹೇಳುತ್ತದೆ. ಅದು ಸರಿಯಾದ ತೀರ್ಪೆಂದು ಎಲ್ಲಿಯೂ ಹೇಳುವುದಿಲ್ಲ. ಅಂತಿಮವಾದದ್ದು ಬೇರೆ, ಸರಿಯಾದದ್ದು ಬೇರೆ. ಹೋಟೆಲಿನ ಬೆಂಚಿನ ಮೇಲೆ ನಡೆಯುವ ಜಗಳವೆಲ್ಲ ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟುವಂಥದು.

ಹೊರಗಿನ ಜಗತ್ತಿನಲ್ಲಿಯೂ ಹೀಗೆಯೇ. 1966ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿತ್ತು. ಗೆರೆಯ ಒಳಗೋ ಹೊರಗೋ? ರೆಫರಿ ಡಿಯೆನ್ಸ್ಟ್ ಗೆರೆ ಕಾಯುತ್ತಿದ್ದ ಅಜರ್‌ಬೈಜಾನಿನ ತೋಫಿಕ್ ಬಹ್ರಾಮೋವ್ ಅವರನ್ನು ಕೇಳಿದರು, ಅವರು ಗೋಲೆಂದರು. ಇಂಗ್ಲೆಂಡ್ ಗೆದ್ದಿತು. ಜರ್ಮನರು ಇಂದಿಗೂ ಅದನ್ನು ಒಪ್ಪಿಲ್ಲ; ಅತ್ತ ಬಾಕು ನಗರದ ಕ್ರೀಡಾಂಗಣಕ್ಕೆ ಬಹ್ರಾಮೋವ್ ಹೆಸರನ್ನೇ ಇಡಲಾಗಿದೆ. 44 ವರ್ಷಗಳ ನಂತರ, 2010ರ ಜೂನ್ 27ರಂದು, ಅದೇ ಎರಡು ದೇಶಗಳ ಪಂದ್ಯದಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಒದ್ದ ಚೆಂಡು ಗೆರೆಯನ್ನು ಸ್ಪಷ್ಟವಾಗಿ ದಾಟಿದ್ದನ್ನು ಲೋಕವೆಲ್ಲ ದೂರದರ್ಶನದಲ್ಲಿ ಕಂಡಿತು. ರೆಫರಿ ಮಾತ್ರ ಕಾಣಲಿಲ್ಲ. ಈ ಸಾರಿ ಜರ್ಮನರು ನಕ್ಕರು, ಇಂಗ್ಲಿಷರು ನ್ಯಾಯದ ಮಾತಾಡಿದರು. ನಡುವೆ 1986ರಲ್ಲಿ ಮರಡೋನಾ ಕೈಯಿಂದ ತಳ್ಳಿದ ಗೋಲು ಅರ್ಜೆಂಟೀನಾದಲ್ಲಿ ಕೀರ್ತಿಯಾಯಿತು, ಇಂಗ್ಲೆಂಡಿನಲ್ಲಿ ಕಳವಾಯಿತು. ತನ್ನ ಕೋಳಿ ಕೂಗಿದರೇ ಬೆಳಗು ಎಂದು ತಿಳಿದ ಅಜ್ಜಿಯ ಮಕ್ಕಳು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ನಮ್ಮವರೂ ಇದಕ್ಕೆ ಹೊರತಲ್ಲ. ಕಂಠೀರವದ ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದ ಮನವಿಯನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ತಳ್ಳಿಹಾಕಿತು. ಮೈದಾನ ಬಿಟ್ಟದ್ದಕ್ಕಾಗಿ ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡ, ತರಬೇತುದಾರರಿಗೆ 5 ಲಕ್ಷ ದಂಡ ಮತ್ತು 10 ಪಂದ್ಯಗಳ ನಿಷೇಧ ವಿಧಿಸಿತು. ರೆಫರಿಯ ಮಾತೇ ಕೊನೆಯ ಮಾತು ಎಂದು ನೀಲಿ ಅಂಗಿಯವರು ಹೆಮ್ಮೆಯಿಂದ ಹೇಳುತ್ತಿದ್ದ ದಿನಗಳು ಅವು. ಆದರೆ ಆ ಪಂದ್ಯ ನಡೆದ ಹದಿನೈದೇ ದಿನಕ್ಕೆ, ಮಾರ್ಚ್ 18ರಂದು, ಗೋವೆಯ ಫತೋರ್ಡಾದಲ್ಲಿ ಮೋಹನ್ ಬಾಗಾನ್ ತಂಡದೊಡನೆ ಅಂತಿಮ ಪಂದ್ಯ. ಬೆಂಗಳೂರು 2-1ರಿಂದ ಮುಂದಿತ್ತು. 85ನೆಯ ನಿಮಿಷದಲ್ಲಿ ರೆಫರಿ ಎದುರಾಳಿಗೆ ಪೆನಾಲ್ಟಿ ಕೊಟ್ಟರು. ತಪ್ಪು ನಡೆದದ್ದು ಚೌಕದ ಒಳಗೋ ಹೊರಗೋ ಎಂಬ ವಿವಾದವೆದ್ದಿತು. ಆಟ 2-2 ಆಗಿ, ಪೆನಾಲ್ಟಿಗಳಲ್ಲಿ ಬೆಂಗಳೂರು 4-3ರಿಂದ ಸೋತಿತು. ಆಗ ತಂಡದ ಒಡೆಯರ ಕಡೆಯಿಂದಲೇ, ನಮ್ಮ ಲೀಗಿಗೂ ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ ಬೇಕೆಂಬ ಬೇಡಿಕೆ ಬಹಿರಂಗವಾಗಿ ಬಂದಿತು. ಬೇಡಿಕೆ ನ್ಯಾಯವಾದದ್ದೇ. 2018ರ ವಿಶ್ವಕಪ್ಪಿನಲ್ಲಿಯೇ ಜಗತ್ತು ಅದನ್ನು ಅಳವಡಿಸಿಕೊಂಡಿತ್ತು. ಆದರೆ ಬಳ್ಳಾರಿಯ ಹೋಟೆಲಿನಲ್ಲಿ ಹದಿನೈದು ದಿನಗಳ ಹಿಂದೆ ಕೇಳಿದ್ದ ‘ಅಂತಿಮ ತೀರ್ಪಿನ’ ವಾದ ಅಂದು ಯಾರ ಬಾಯಲ್ಲಿಯೂ ಇರಲಿಲ್ಲ.

ಇದನ್ನು ನಗೆಯ ವಿಷಯವೆಂದು ಬಿಟ್ಟುಬಿಡಬಹುದಾಗಿತ್ತು, ಇದರಿಂದ ಪ್ರಾಣಗಳು ಹೋಗದೆ ಇದ್ದಿದ್ದರೆ. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ತಂಡಗಳ ಪಂದ್ಯ. ಮೈದಾನದಲ್ಲಿ ಆಟಗಾರರಿಬ್ಬರು ಕಾದಾಡಿದರು. ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದರು. ಜಗಳ ಪ್ರೇಕ್ಷಕರ ಅಟ್ಟಣೆಗೆ ಹಬ್ಬಿತು. ಅಂದಿನ ನೂಕುನುಗ್ಗಲಿನಲ್ಲಿ 16 ಅಭಿಮಾನಿಗಳು ಸತ್ತರು. ಅವರು ಆಟ ನೋಡಲು ಹೋದವರು.

ತೀರ್ಪಿನ ಸುತ್ತ ಪ್ರಾಣ ಹೋಗುವುದೆಂದರೇನೆಂದು ಬಳ್ಳಾರಿ ಸೀಮೆಗೆ ಬೇರೊಂದು ಬಗೆಯಲ್ಲಿ ಗೊತ್ತಿದೆ. 1953ರಲ್ಲಿ ಮದರಾಸು ಪ್ರಾಂತ್ಯದಿಂದ ಆಂಧ್ರ ಬೇರೆಯಾದಾಗ ಬಳ್ಳಾರಿ ಜಿಲ್ಲೆ ಯಾರದೆಂಬ ವ್ಯಾಜ್ಯ ಎದ್ದಿತು. ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಕುರುಗೋಡನ್ನೂ ಒಳಗೊಂಡಿದ್ದ ಅಂದಿನ ಬಳ್ಳಾರಿ ತಾಲ್ಲೂಕಿನ ವಿಚಾರಣೆಗೆ ಹೈದರಾಬಾದಿನ ಮುಖ್ಯ ನ್ಯಾಯಮೂರ್ತಿ ಮಿಶ್ರ ಅವರು ನೇಮಕವಾದರು. ಅವರ ವರದಿಯ ಮೇಲೆ ಅದು ಮೈಸೂರಿಗೆ ಸೇರಿತು. ನಾವು ಆ ನ್ಯಾಯಮೂರ್ತಿಗಳನ್ನು ಕೊಂಡಾಡಿದೆವು. ಅತ್ತಲವರಿಗೆ ಅದೇ ತೀರ್ಪು ಅನ್ಯಾಯವಾಗಿ ಕಂಡಿತು. 1953ರ ಅಕ್ಟೋಬರ್ 1ರ ವಿಲೀನೋತ್ಸವಕ್ಕೆ ಕಟ್ಟಿದ್ದ ಮಂಟಪವನ್ನು ಕಾಯುತ್ತಿದ್ದ ಪೈಲ್ವಾನ್ ರಂಜಾನ್ ಸಾಬರು ದಾಳಿಗೆ ಬಲಿಯಾದರು. ಎರಡು ವರ್ಷ ಕಳೆದು 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ, ತುಂಗಭದ್ರಾ ಯೋಜನೆ ಮೊದಲಾದ ಕಾರಣಗಳನ್ನು ಮುಂದಿಟ್ಟು, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತು. ಅಂಗಿಗಳು ಅದಲುಬದಲಾದವು. ಮಿಶ್ರರ ತೀರ್ಪು ಅಂತಿಮವೆಂದು ಈಗ ನಾವು ವಾದಿಸಿದೆವು. ಆಯೋಗದ ಮಾತೇ ನ್ಯಾಯವೆಂದು ಅವರು ವಾದಿಸಿದರು. ಕೊನೆಗೆ ಆ ಶಿಫಾರಸು ಅಂಗೀಕಾರವಾಗದೆ, 1956ರ ನವೆಂಬರ್ 1ರಂದು ಈ ಊರುಗಳೆಲ್ಲ ವಿಶಾಲ ಮೈಸೂರಿನಲ್ಲಿಯೇ ಉಳಿದವು.

ಆಟದ ಗೆರೆಯೂ ನಾಡಿನ ಗೆರೆಯೂ ಒಂದೇ ತೂಕದವೆಂದು ನಾನು ಹೇಳುತ್ತಿಲ್ಲ. ಆದರೆ ಅಂದು ಎರಡೂ ಕಡೆಯ ಬಹುಪಾಲು ಜನ ಮನವಿ ಬರೆದರು, ಸಭೆ ನಡೆಸಿದರು, ಜನಗಣತಿಯ ಲೆಕ್ಕ ಹಿಡಿದು ವಾದಿಸಿದರು; ತಮಗೆ ಒಪ್ಪಿಗೆಯಾಗದ ತೀರ್ಪಿನೊಳಗೇ ನಿಂತು ಮಾತಾಡಿದರು. ಅದರಿಂದಲೇ ಇಂದು ಸಿರುಗುಪ್ಪದವರು ಆದವಾನಿಯ ಸಂತೆಗೆ ಹೋಗುವುದಕ್ಕೂ, ಅಲ್ಲಿಂದ ಹೆಣ್ಣು ತರುವುದಕ್ಕೂ ಗೆರೆ ಅಡ್ಡ ಬಂದಿಲ್ಲ.

ಕುರುಗೋಡಿನ ಹಿರಿಯರ ಮಾತು ನನಗೆ ಹಿಡಿಸಿದ್ದು ಈ ಕಾರಣಕ್ಕೆ. ತೀರ್ಪನ್ನು ಒಪ್ಪಲೇಬೇಕೆಂದಿಲ್ಲ, ಅದರ ಮೇಲೆ ರಾತ್ರಿಯಿಡೀ ವಾದಿಸಬಹುದು. ಆ ವಾದದಿಂದಲೇ ನಿಯಮಗಳು ಬೆಳೆದವು. ರೆಫರಿ ಗೆರೆ ದಾಟಿ ಒಳಗೆ ಬಂದದ್ದೂ, ವಿಡಿಯೊ ಬಂದದ್ದೂ ಇಂಥ ತಕರಾರುಗಳಿಂದಲೇ. ವಾದಿಸುವವನು ಒಂದು ಪ್ರಶ್ನೆಯನ್ನು ಮಾತ್ರ ತನಗೆ ತಾನೇ ಹಾಕಿಕೊಳ್ಳಲಿ: ಅಂಗಿಯ ಬಣ್ಣ ಬದಲಾಗಿದ್ದರೆ ನಾನು ಇದೇ ಮಾತನ್ನು ಆಡುತ್ತಿದ್ದೆನೇ? ಹೌದೆಂದು ಉತ್ತರ ಬಂದರೆ ಅವನ ತಕರಾರು ನ್ಯಾಯದ ತಕರಾರು. ಇಲ್ಲವೆಂದು ಬಂದರೆ, ಅದು ಸೋಲಿನ ನೋವು. ನೋವನ್ನು ಯಾರೂ ಹೀಗಳೆಯಬೇಕಾಗಿಲ್ಲ. ಪಕ್ಕದಲ್ಲಿ ಕುಳಿತ ಹಳದಿ ಅಂಗಿಯವನಿಗೂ ಒಂದು ಲೋಟ ಚಹಾ ತರಿಸಿಕೊಟ್ಟು, ಅವನ ಮಾತನ್ನೂ ಕೇಳಿದರೆ ಸಾಕು.