ಜೂರಿಕ್ ನೆಲಮಾಳಿಗೆಯ ಕೋಬಾಲ್ಟ್ ಮಂದಿ

ಎರಡನೇ ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಆಲ್ಫ್ರೆಡ್ ವರ್ನರ್ ಹೆಸರು ಮರೆಯುವಂಥದ್ದಲ್ಲ. ಕೋಬಾಲ್ಟ್ ಕ್ಲೋರೈಡಿಗೆ ಆರು ಅಮೋನಿಯ ಸೇರಿದರೆ ಹಳದಿ, ಐದಾದರೆ ಕೆನ್ನೇರಳೆ, ನಾಲ್ಕಾದರೆ ಹಸಿರು ಇಲ್ಲವೇ ಊದಾ. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದ ಆ ಕೋಷ್ಟಕಕ್ಕೆ ಅರ್ಥ ಕೊಟ್ಟವನು ವರ್ನರ್, ಸರಿ. ಆದರೆ ಅವನ ಅರ್ಥವೇ ಸರಿ ಎಂದು ಲೋಕ ಒಪ್ಪುವಂತೆ ಮಾಡಲು ಜೂರಿಕ್ ವಿಶ್ವವಿದ್ಯಾಲಯದಲ್ಲಿ ಅವನ ಕೈಕೆಳಗೆ ಇನ್ನೂರರಷ್ಟು ಮಂದಿ ದುಡಿಯಬೇಕಾಯಿತು. ಪಠ್ಯಪುಸ್ತಕದಲ್ಲಿ ಅವರಿಗೆ ಜಾಗ ಸಿಕ್ಕಿಲ್ಲ.

ಸಿದ್ಧಾಂತ ಹುಟ್ಟಿದ್ದು ಒಂದೇ ದಿನದಲ್ಲಿ ಎಂಬ ಕತೆಯಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ, ಹೊಳೆದದ್ದನ್ನು ಬರೆಯಲು ಕೂತ ವರ್ನರ್ ಸಂಜೆ ಐದಕ್ಕೆ ಲೇಖನ ಮುಗಿಸಿದನಂತೆ. ಅದು ಅಚ್ಚಾದದ್ದು 1893ರಲ್ಲಿ. ಅವನಿಗಾಗ 26 ವರ್ಷ. ಲೋಹದ ಪರಮಾಣುವಿನ ಸುತ್ತ ಆರು ಜಾಗಗಳಿವೆ, ಅವು ಅಷ್ಟಮುಖಿಯ ಆರು ಮೂಲೆಗಳಂತೆ ಹರಡಿಕೊಂಡಿವೆ ಎಂಬುದು ಅವನ ವಾದ. ಆ ಆರರಲ್ಲಿ ಕೂತ ಕ್ಲೋರಿನ್ ಲೋಹಕ್ಕೆ ಅಂಟಿಕೊಂಡಿರುತ್ತದೆ. ಹೊರಗುಳಿದದ್ದು ಮಾತ್ರ ಸಿಲ್ವರ್ ನೈಟ್ರೇಟ್ ಹಾಕಿದ ಕೂಡಲೇ ಬಿಳಿ ಗಷ್ಟಾಗಿ ತಳ ಸೇರುತ್ತದೆ. ಅಷ್ಟು ಹೇಳಿದಾಗ ಅವನ ಕೈಯಲ್ಲಿ ಸ್ವಂತ ಪ್ರಯೋಗಗಳು ಹೆಚ್ಚೇನೂ ಇರಲಿಲ್ಲ. ಅವನು ನೆಚ್ಚಿಕೊಂಡ ಸಂಯುಕ್ತಗಳಲ್ಲಿ ಬಹುಪಾಲು ಕೋಪನ್‌ಹೇಗನ್ನಿನ ಸೋಫಸ್ ಮ್ಯಾಡ್ಸ್ ಯೋರ್ಗನ್‌ಸನ್ ವರ್ಷಗಟ್ಟಲೆ ಕೂತು ತಯಾರಿಸಿದವು. ಅಮೋನಿಯ ಸರಪಳಿಯಂತೆ ಒಂದಕ್ಕೊಂದು ಜೋಡಿಕೊಂಡಿರುತ್ತದೆ ಎಂದು ನಂಬಿದ್ದ ಯೋರ್ಗನ್‌ಸನ್‌ಗೆ ಈ ಹುಡುಗನ ಧೈರ್ಯ ಹಿಡಿಸದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ವರ್ಷ ವರ್ನರ್‌ಗೆ ಜೂರಿಕ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ತಮಾಷೆಯೆಂದರೆ, ಮೊದಲ ವರ್ಷಗಳಲ್ಲಿ ಅವನಿಗೆ ವಹಿಸಿದ ಪಾಠ ಸಾವಯವ ರಸಾಯನಶಾಸ್ತ್ರದ್ದು. ನಿರವಯವದ ಸಂಶೋಧನೆ ನಡೆಯುತ್ತಿದ್ದದ್ದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ. ಹಗಲಲ್ಲೂ ದೀಪ ಬೇಕಾಗಿದ್ದ ಆ ಕೋಣೆಗಳಿಗೆ ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು ‘ಕಾಟಕೋಂಬೆನ್’, ಅಂದರೆ ಹೆಣ ಹೂಳುವ ಸುರಂಗ. 1909ರಲ್ಲಿ ಹೊಸ ಕಟ್ಟಡ ಬರುವವರೆಗೂ ಹೀಗೇ ನಡೆಯಿತು.

ಮೊದಲು ನೆರವಿಗೆ ಬಂದವನು ಇಟಲಿಯ ಗೆಳೆಯ ಆರ್ತುರೊ ಮಿಯೊಲಾತಿ. ದ್ರಾವಣದಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆಂದು ಅಳೆದು, ಒಂದೊಂದು ಲವಣವೂ ಎಷ್ಟು ಅಯಾನುಗಳಾಗಿ ಒಡೆಯುತ್ತದೆಂದು ಇಬ್ಬರೂ ತೋರಿಸಿದರು. ಲೆಕ್ಕ ಸಿದ್ಧಾಂತದ ಕಡೆಗೇ ವಾಲಿತು. ಆಮೇಲೆ ಶಿಷ್ಯರ ದಂಡು ಬಂತು. ಜೂರಿಕ್ 1867ರಲ್ಲೇ ರಷ್ಯದ ನಾದೆಜ್ದಾ ಸುಸ್ಲೋವಾಗೆ ವೈದ್ಯಕೀಯದ ಡಾಕ್ಟರೇಟ್ ಕೊಟ್ಟ ಊರು. ತಮ್ಮ ನಾಡಿನಲ್ಲಿ ಬಾಗಿಲು ಮುಚ್ಚಿದ್ದ ಹೆಣ್ಣುಮಕ್ಕಳು ಹುಡುಕಿಕೊಂಡು ಇಲ್ಲಿಗೆ ಬರುತ್ತಿದ್ದರು. ವರ್ನರ್‌ನ ಬೆಂಚುಗಳಲ್ಲೂ ಅವರಿದ್ದರು.

ಲಂಡನ್ನಿನ ಎಡಿತ್ ಹಂಫ್ರಿ ಅವರಲ್ಲೊಬ್ಬಳು. ಬೆಡ್‌ಫರ್ಡ್ ಕಾಲೇಜಿನಲ್ಲಿ ಓದು ಮುಗಿಸಿ ಬಂದು, 1901ರಲ್ಲಿ ಡಾಕ್ಟರೇಟ್ ಪಡೆದಳು. ಕೋಬಾಲ್ಟಿಗೆ ಎರಡು ಎಥಿಲೀನ್‌ಡೈಅಮೀನ್, ಎರಡು ನೈಟ್ರೈಟ್ ಗುಂಪು ಕಟ್ಟಿದ ಲವಣಗಳ ಮೇಲೆ ಅವಳ ಪ್ರಬಂಧ. ಅವಳು ಮಾಡಿದ ಬ್ರೋಮೈಡ್ ಹರಳುಗಳ ವಿಚಾರಕ್ಕೆ ಮುಂದೆ ಬರೋಣ.

1907ರಲ್ಲಿ ಯೋರ್ಗನ್‌ಸನ್ ಸೋಲೊಪ್ಪಿದ. ನಾಲ್ಕು ಅಮೋನಿಯ, ಎರಡು ಕ್ಲೋರಿನ್ ಇರುವ ಸಂಯುಕ್ತಕ್ಕೆ ಎರಡು ರೂಪ ಇರಲೇಬೇಕೆಂದು ವರ್ನರ್ ಮೊದಲಿಂದಲೂ ಹೇಳಿದ್ದ, ಆದರೆ ಕಂಡದ್ದು ಹಸಿರು ಒಂದೇ. ಆ ವರ್ಷ ಊದಾ ರೂಪವೂ ಅವನ ಕೈಗೆ ಬಂತು. ಡೆನ್ಮಾರ್ಕಿನ ಹಿರಿಯ ತಕರಾರಿಲ್ಲದೆ ವಾದ ಕೈಬಿಟ್ಟದ್ದು ವಿಜ್ಞಾನದ ಜಗಳಗಳಲ್ಲಿ ಅಪರೂಪ.

ಅಷ್ಟಾದರೂ ಅಷ್ಟಮುಖಿಯನ್ನು ಯಾರೂ ಅಲ್ಲಗಳೆಯದಂಥ ಒಂದು ಸಾಕ್ಷಿ ಬೇಕಿತ್ತು. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೊಂದದ ಹಾಗೆ, ಕೆಲವು ಅಷ್ಟಮುಖಿ ಸಂಯುಕ್ತಗಳು ಎಡ-ಬಲ ಜೋಡಿಯಾಗಿ ಇರಬೇಕು. ಒಂದು ಧ್ರುವೀಕೃತ ಬೆಳಕನ್ನು ಒಂದು ಕಡೆಗೆ, ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಮತ್ತೊಂದು ಕಡೆಗೆ ತಿರುಗಿಸಬೇಕು. ಎರಡೂ ಬೆರೆತಿದ್ದರೆ ಒಂದನ್ನೊಂದು ಹೊಡೆದುಹಾಕಿ ಏನೂ ಕಾಣದು. ಹಾಗಾಗಿ ಬೇರ್ಪಡಿಸಬೇಕು.

ಈ ಕೆಲಸ ಅಮೆರಿಕದ ವಿಕ್ಟರ್ ಕಿಂಗ್ ಎಂಬ ವಿದ್ಯಾರ್ಥಿಯ ಪಾಲಿಗೆ ಬಂತು. ಲವಣವನ್ನು ಕರಗಿಸು, ಹರಳುಗಟ್ಟಲು ಬಿಡು, ಮೊದಲು ಕೂತದ್ದನ್ನು ಸೋಸಿ ಒಂದು ಕಡೆ, ಉಳಿದ ನೀರನ್ನು ಇನ್ನೊಂದು ಕಡೆ ಇಡು. ಎರಡನ್ನೂ ಮತ್ತೆ ಹರಳುಗಟ್ಟಿಸು, ಮತ್ತೆ ಸೋಸು. ಹೀಗೆ ಸುಮಾರು 2,000 ಸಲ ಮಾಡಿದ ಮೇಲೆ ಎರಡು ತುದಿಯ ಹರಳುಗಳನ್ನು ಹೋಲಿಸಿದರೆ ಎಳ್ಳಷ್ಟೂ ವ್ಯತ್ಯಾಸವಿಲ್ಲ! ಬೀದಿಯಲ್ಲಿ ಸಿಕ್ಕ ಸಹಪಾಠಿಗಳಿಗೆ ಅದೊಂದು ಚೇಷ್ಟೆಯಾಯಿತು: “ಏನಪ್ಪಾ, ಇನ್ನೂ ತಿರುಗಲಿಲ್ವಾ?”

ಎಡ-ಬಲ ಬೇರೆಯಾಗಲೆಂದು ಲವಣಕ್ಕೆ ಜೊತೆಗೂಡಿಸಿದ್ದ ಆಮ್ಲವನ್ನೇ ಕೊನೆಗೆ ಕಿಂಗ್ ಬದಲಾಯಿಸಿದ. ಕರ್ಪೂರದಿಂದ ತಯಾರಿಸಿದ, ತಾನೇ ಬೆಳಕನ್ನು ಜೋರಾಗಿ ತಿರುಗಿಸುವ ಬ್ರೋಮೋಕ್ಯಾಂಫರ್ ಸಲ್ಫೋನಿಕ್ ಆಮ್ಲದ ಬೆಳ್ಳಿ ಲವಣ ಹಾಕಿದ. ಎರಡು ಸಾವಿರ ಸಲ ಹಟ ಹಿಡಿದದ್ದು ಈಗ ಸಲೀಸಾಗಿ ಬೇರೆಯಾಯಿತು. ಕರ್ಪೂರದ ಪಾಲನ್ನು ತೆಗೆದುಹಾಕಿದ ಮೇಲೂ ಕೋಬಾಲ್ಟ್ ಲವಣ ಬೆಳಕನ್ನು ತಿರುಗಿಸುತ್ತಲೇ ಇತ್ತು. 1911ರಲ್ಲಿ ಫಲಿತಾಂಶ ಅಚ್ಚಾಯಿತು. 1913ರಲ್ಲಿ ವರ್ನರ್‌ಗೆ ನೊಬೆಲ್ ಬಂತು.

ಅನುಮಾನದವರು ಆಗಲೂ ಬಿಡಲಿಲ್ಲ. ಬೆಳಕು ತಿರುಗಿಸುವ ಗುಣ ಇಂಗಾಲದ್ದೇ, ಕಿಂಗ್‌ನ ಲವಣದಲ್ಲಿದ್ದ ಎಥಿಲೀನ್‌ಡೈಅಮೀನಿನಲ್ಲಿ ಇಂಗಾಲ ಇದೆಯಲ್ಲ ಎಂದು ರಾಗ ಎಳೆದರು. 1914ರಲ್ಲಿ ಸೋಫಿ ಮಾಟಿಸೆನ್ ಎಂಬ ವಿದ್ಯಾರ್ಥಿನಿಯ ಕೆಲಸ ಅದಕ್ಕೂ ಉತ್ತರ ಕೊಟ್ಟಿತು. ನಾಲ್ಕು ಕೋಬಾಲ್ಟ್, ಅಮೋನಿಯ, ಹೈಡ್ರಾಕ್ಸಿಲ್ ಇರುವ ಹೆಕ್ಸೋಲ್ ಅಯಾನಿನಲ್ಲಿ ಇಂಗಾಲದ ಒಂದು ಪರಮಾಣುವೂ ಇಲ್ಲ. ಅದೂ ಎಡ-ಬಲ ಎಂದು ಒಡೆಯಿತು. ಆ ಹೆಕ್ಸೋಲನ್ನು ಮೊದಲು ತಯಾರಿಸಿದವನು ಯಾರು ಅಂತೀರಿ? ಅದೇ ಯೋರ್ಗನ್‌ಸನ್.

1919ರಲ್ಲಿ, 53 ತುಂಬುವ ಮೊದಲೇ, ವರ್ನರ್ ತೀರಿಕೊಂಡ. ಅವನ ಸ್ಥಾನಕ್ಕೆ ಬಂದ ಪಾಲ್ ಕಾರರ್ ಕೂಡ ಇದೇ ಬಳಗದವನು, 1911ರಲ್ಲಿ ಕೋಬಾಲ್ಟ್ ಸಂಯುಕ್ತಗಳ ಮೇಲೆಯೇ ಡಾಕ್ಟರೇಟ್ ಮಾಡಿದವನು. ಆದರೆ ಅವನ ಒಲವು ಕ್ಯಾರೊಟಿನ್, ವಿಟಮಿನ್ನುಗಳ ಕಡೆ ಹರಿಯಿತು. 1937ರಲ್ಲಿ ನೊಬೆಲ್ ತಂದುಕೊಟ್ಟದ್ದೂ ಅವೇ. ನಿರವಯವ ರಸಾಯನದ ಖ್ಯಾತಿಯನ್ನು ಕಟ್ಟಿದ ಮನೆಯ ಉತ್ತರಾಧಿಕಾರಿ ಸಾವಯವಕ್ಕೆ ಹೋದ.

ಹಂಫ್ರಿ ಇಂಗ್ಲೆಂಡಿಗೆ ಮರಳಿ, ಸ್ಯಾಂಡರ್‌ಸನ್ ಎಂಬ ವಾಲ್‌ಪೇಪರ್ ಕಂಪನಿಯಲ್ಲಿ ರಸಾಯನಜ್ಞೆಯಾಗಿ ದುಡಿದಳು. ಕೆಮಿಕಲ್ ಸೊಸೈಟಿಗೆ ಹೆಂಗಸರನ್ನೂ ಸೇರಿಸಿಕೊಳ್ಳಿ ಎಂದು 1904ರಲ್ಲಿ ಅರ್ಜಿ ಹಾಕಿದ 19 ಮಂದಿಯಲ್ಲಿ ಅವಳೂ ಒಬ್ಬಳು; ಬಾಗಿಲು ತೆರೆದದ್ದು 1920ರಲ್ಲಿ. ಅವಳು 1978ರವರೆಗೆ, 102 ವರ್ಷ ಬದುಕಿದಳು.

ಇನ್ನು ಆ ಹರಳುಗಳು. ಜೂರಿಕ್‌ನಲ್ಲಿ ವರ್ನರ್ ಬಳಗದ ಮಾದರಿಗಳು ಸಾವಿರಾರು ಪುಟ್ಟ ಸೀಸೆ, ಪೆಟ್ಟಿಗೆಗಳಲ್ಲಿ ಉಳಿದುಕೊಂಡಿವೆ. ಹಂಫ್ರಿಯ ಬ್ರೋಮೈಡ್ ತಾನಾಗಿಯೇ ಎಡದ ಹರಳು ಬೇರೆ, ಬಲದ ಹರಳು ಬೇರೆಯಾಗಿ ಬೆಳೆಯಬಲ್ಲದು ಎಂಬುದು ಅವಳು ತೀರಿದ ಮೇಲೆ ಚರ್ಚೆಗೆ ಬಂತು. ಒಂದೇ ಒಂದು ಹರಳು ಕರಗಿಸಿ, ಬೆಳಕು ಎಷ್ಟು ತಿರುಗಿತೆಂದು ಅಳೆಯುವ ಪೋಲಾರಿಮೀಟರಿನಲ್ಲಿ ಇಟ್ಟಿದ್ದರೆ, ಕಿಂಗ್‌ನ ಗೆಲುವಿಗೆ ಹತ್ತು ವರ್ಷ ಮೊದಲೇ ಸಾಕ್ಷಿ ಸಿಗುತ್ತಿತ್ತು ಎಂದರು ಕೆಲವರು. 1991ರಲ್ಲಿ ಸ್ವಿಸ್ ರಸಾಯನಜ್ಞರು ಅವಳ ಮೂಲ ಹರಳುಗಳ ಪೆಟ್ಟಿಗೆಯನ್ನು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಗೆ ಉಡುಗೊರೆ ಕೊಟ್ಟಾಗ, ಒಂದು ಹರಳಿನ ದ್ರಾವಣದ ವರ್ಣಪಟಲವನ್ನೂ ಜೊತೆಗಿಟ್ಟಿದ್ದರು. ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದವರು ಮಾತ್ರ, ಒಂದೇ ಹರಳಿನೊಳಗೆ ಎಡ-ಬಲ ಎರಡೂ ಪದರ ಪದರವಾಗಿ ಹೆಣೆದುಕೊಂಡಿರಬಹುದು, ಹಾಗಿದ್ದಲ್ಲಿ ವರ್ನರ್‌ಗೆ ಅಷ್ಟು ಸುಲಭದಲ್ಲಿ ದಕ್ಕುತ್ತಿರಲಿಲ್ಲ ಎನ್ನುತ್ತಾರೆ.