ಅಜ್ಜಿಯ ಕೇಪಿನ ಡಬ್ಬಿ

ಅಕ್ಕಂದಿರಾ, ಆಯುಧಪೂಜೆ ದಿನ ನಮ್ಮನೆ ನಡುಮನೇಲಿ ಏನೇನು ಸಾಲಾಗಿ ಇಡ್ತಿದ್ವಿ ಅಂತ ನಿಮಗೆಲ್ಲ ಗೊತ್ತು. ಕುಡ್ಲು, ಮಚ್ಚು, ಗುದ್ದಲಿ, ಈಳಿಗೆಮಣೆ, ನನ್ನ ಹೊಲಿಗೆ ಮಿಷನ್ನು, ಆಮೇಲೆ ಕೊನೇಲಿ ಗೋಡೆಗೆ ಆನಿಸಿ ತಾತನ ಬಂದೂಕ. ಈ ವರ್ಷ ಆ ಕೊನೆ ಜಾಗ ಖಾಲಿ ಇತ್ತು. ಅರಿಶಿನ ಕುಂಕುಮಕ್ಕೆ ಬಂದೋರೆಲ್ಲ "ಬಂದೂಕ ಎಲ್ಲವ್ವ?" ಅಂತ ಕೇಳಿದ್ರು. ಒಬ್ಬೊಬ್ಬರಿಗೆ ಅರ್ಧರ್ಧ ಹೇಳಿ ಕಳಿಸ್ದೆ. ಇವತ್ತು ಕೂತು ಪೂರ್ತಿ ಹೇಳ್ತೀನಿ.

ನಮ್ಮ ಹೊಲ ಇರೋದು ಮೇಲುಕೋಟೆ ಬೆಟ್ಟದ ತಪ್ಪಲಲ್ಲಿ. ರಾಗಿ, ಹುರುಳಿ, ಕಡ್ಲೆಕಾಯಿ. ರಾತ್ರಿ ಹಂದಿ, ಬೆಳಗಾದ್ರೆ ನವಿಲು. ಬೆಳೆ ಕಾಯಕ್ಕೆ ಅಂತ ತಾತ ಲೈಸೆನ್ಸ್ ಮಾಡಿಸಿ ತಂದಿದ್ದು ಒಂಟಿ ನಳಿಗೆ ಬಂದೂಕ. ಬಾಯಿ ಕಡೆಯಿಂದ ತುಂಬೋದು. ಮೊದಲು ಮದ್ದು, ಮೇಲೆ ತೆಂಗಿನ ನಾರು, ಗಜದಲ್ಲಿ ಗಿಡಿದು ಆಮೇಲೆ ಚರೆ, ಮತ್ತೆ ನಾರು. ಕಡೇಲಿ ಕುದುರೆ ಬಡಿಯೋ ಜಾಗದಲ್ಲಿ ಒಂದು ಕೇಪು. ಕೇಪು ಅಂದ್ರೆ ತಾಮ್ರದ ಪುಟ್ಟ ಟೋಪಿ ಕಣ್ರವ್ವ, ಮೆಣಸಿನ ಕಾಳಿಗಿಂತ ಒಸಿ ದೊಡ್ಡದು. ಅದಿಲ್ದಿದ್ರೆ ಬಂದೂಕ ಬರೀ ಕೊಳವೆ. ಕೋವಿ ಅನ್ನೋ ಕನ್ನಡ ಮಾತಿಗೂ ಕೊಳವೆ ಅಂತ್ಲೇ ಅರ್ಥ.

ಈ ಕೇಪಿಗೂ ಒಂದು ಕತೆ ಐತೆ. ಟಿಪ್ಪು ಕಾಲದ ಬಂದೂಕಗಳೆಲ್ಲ ಚಕಮಕಿ ಕಲ್ಲಿನವು. ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರಿ ಮದ್ದು ಹತ್ತಿಕೊಳ್ಳೋದು. ನಮ್ಮ ಶ್ರೀರಂಗಪಟ್ಟಣದಲ್ಲೇ ಅಂಥವನ್ನ ಎಷ್ಟು ಚೆಂದ ಮಾಡ್ತಿದ್ರು ಅಂದ್ರೆ, ನಳಿಗೆ ಮೇಲೆ ಹುಲಿಪಟ್ಟೆ, ಕುದುರೆ ಜಾಗದಲ್ಲಿ ಹುಲಿ ಮೋರೆ. ಕೆಲವದರ ಮೇಲೆ ಮಾಡಿದ ಊರಿನ ಹೆಸರು ಕೆತ್ತಿರೋದೂ ಬರೀ "ಪಟ್ಟಣ" ಅಂತ್ಲೇ, ನಾವು ಇವತ್ತೂ ಕರೀತೀವಲ್ಲ ಅಂಗೇ. ಫ್ರಾನ್ಸಿನ ದೊರೆಗೆ ಹೇಳಿ ಕಳಿಸಿ ಅಲ್ಲಿಂದ ಕಸುಬುದಾರರನ್ನೂ ಕರೆಸಿಕೊಂಡಿದ್ದ. ಫ್ರೆಂಚ್ ಸೈನಿಕರು ಬೀಡು ಬಿಟ್ಟಿದ್ದ ಹಿರೋಡೆಗೆ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅಂದ್ರು. ಅದೇ ನಮ್ಮ ಪಾಂಡವಪುರ. 1799ರಲ್ಲಿ ಪಟ್ಟಣ ಬಿದ್ದಾಗ ಒಳ್ಳೊಳ್ಳೆ ಬಂದೂಕವೆಲ್ಲ ಹಡಗು ಹತ್ತಿ ಹೋದವು. ಮದ್ದಿನ ಮನೆಗಳು ಮಾತ್ರ ಉಳಕೊಂಡವು. ಅದರಲ್ಲಿ ಒಂದನ್ನ 2017ರಲ್ಲಿ ರೈಲು ಹಳಿಗೆ ಅಡ್ಡ ಬಂತು ಅಂತ ಇಡೀ ಕಟ್ಟಡಾನೇ ಎತ್ತಿ ಆಚೆಗೆ ಸರಿಸಿದ್ರು, ನೆನಪೈತಾ?

ಪಟ್ಟಣ ಬಿದ್ದು ಎಂಟು ವರ್ಷಕ್ಕೆ, 1807ರಲ್ಲಿ, ಸ್ಕಾಟ್ಲೆಂಡಿನ ಫೋರ್ಸಿತ್ ಅನ್ನೋ ಒಬ್ಬ ಪಾದ್ರಿ ಹೊಸ ಉಪಾಯಕ್ಕೆ ಪೇಟೆಂಟ್ ತಗೊಂಡ. ಅವನಿಗೆ ಹಕ್ಕಿ ಬೇಟೆ ಹುಚ್ಚು. ಕಲ್ಲಿನ ಕಿಡಿ ಕಂಡ ತಕ್ಷಣ ಹಕ್ಕಿ ಹಾರಿಬಿಡ್ತಿದ್ವಂತೆ. ಅದಕ್ಕೆ ಕಿಡಿ ಬೇಡ, ಬಡಿದ್ರೆ ಹತ್ತೋ ಪುಡಿ ಇಡಾನ ಅಂದ. ಆ ದಾರೀಲೇ ಮುಂದೆ ಬಂದದ್ದು ಈ ತಾಮ್ರದ ಟೋಪಿ.

ತಾತ ಕುಳ್ಳು. ತಂದ ಬಂದೂಕ ಭುಜಕ್ಕೆ ಉದ್ದವಾಯ್ತು ಅಂತ ಆಚಾರ್ರ ಹತ್ರ ಹಿಂದಿನ ಮರ ಎರಡು ಬೆರಳು ಇಳಿಸಿಕೊಂಡಿದ್ರು. ಗುರಿ ನೋಡೋ ಮಣಿ ಬಿದ್ದು ಹೋದಾಗ ಅಜ್ಜಿಯ ಒಡೆದ ಹಿತ್ತಾಳೆ ಕುಂಕುಮದ ಭರಣಿ ತುಂಡಲ್ಲಿ ಹೊಸದು ಕೂರಿಸಿದ್ರು. ಹೆಗಲಿಗೆ ಹಾಕೋ ಪಟ್ಟಿ, ಎತ್ತಿನ ಕೊರಳ ಗೆಜ್ಜೆಪಟ್ಟಿ.

ಹೊಡೆಯೋದು ತಾತನ ಕೆಲಸ, ತೊಳೆಯೋದು ಅಜ್ಜಿ ಕೆಲಸ. ಈ ಕರಿಮದ್ದು ಸುಟ್ಟ ಮೇಲೆ ನಳಿಗೆ ಒಳಗೆ ಮಸಿ ಕೂರ್ತದೆ. ಅದು ಗಾಳಿಯ ತೇವ ಎಳಕೊಂಡು ಒಂದೆರಡು ದಿನದಲ್ಲೇ ಕಬ್ಬಿಣ ತಿನ್ನಕ್ಕೆ ಶುರು ಮಾಡ್ತದೆ. ಬರೀ ಎಣ್ಣೆ ಹಾಕಿ ಒರೆಸಿದ್ರೆ ಹೋಗಲ್ಲ, ಕುದಿಯೋ ನೀರೇ ಬೇಕು. ಸ್ನಾನದ ಹಂಡೆಯಿಂದ ಮೊದಲ ಚೆಂಬು ಬಂದೂಕಕ್ಕೆ, ಆಮೇಲೆ ನಮಗೆ. ಕೊಳೆತ ಮೊಟ್ಟೆ ವಾಸನೆ ಕರಿನೀರು ಬಚ್ಚಲಿಗೆ ಹರಿಯೋದು. ನೀರು ತಿಳಿಯಾಗೋವರೆಗೂ ಹುಯ್ದು, ಬಟ್ಟೆ ಸುತ್ತಿದ ಗಜದಲ್ಲಿ ಒರೆಸಿ, ಬಿಸಿಲಿಗೆ ಆರಿಸಿ, ಆಮೇಲೆ ಮಿಷನ್ ಎಣ್ಣೆ. ಕಬ್ಬಿಣದ ಹೆಂಚು ಪಳಗಿಸೋದು ಗೊತ್ತಿರೋರ್ಗೆ ಇದು ಬ್ಯಾರೆ ಕಲೀಬೇಕಿಲ್ಲ.

ಎಲೆಕ್ಷನ್ ಬಂದ್ರೆ ಬಂದೂಕ ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಎಲ್ಲ ಮುಗಿದು ವಾಪಸ್ ತರೋವರೆಗೂ ಅಜ್ಜಿ ಅಂತಿದ್ಲು: "ಎಲೆಕ್ಷನ್ ಬಂದ್ರೆ ನಿದ್ದೆ ಚೆಂದಾಗಿ ಬತ್ತದೆ ಕಣವ್ವ." ನಾವು ನಗ್ತಿದ್ವಿ.

ನನಗೆ ಒಂಬತ್ತು ವರ್ಷ ಇದ್ದಾಗ ತಾತ ತೀರಿಕೊಂಡಿದ್ರು, ಲೈಸೆನ್ಸ್ ಅಪ್ಪನ ಹೆಸರಿಗೆ ಆಗಿತ್ತು. ಅಪ್ಪನಿಗೂ ಚಿಕ್ಕಪ್ಪನಿಗೂ ಬಾವಿ ಪಾಲಿನ ಜಗಳ. ಒಂದು ರಾತ್ರಿ ಚಿಕ್ಕಪ್ಪ ಕುಡಿದು ಬಂದು ಬಂದೂಕ ಇಳಿಸಿಕೊಂಡ. ಮದ್ದು ಹುಯ್ದ, ಚರೆ ಹಾಕಿದ, ಗಜದಲ್ಲಿ ಗಿಡಿದ. ಗೂಡಿಗೆ ಕೈ ಹಾಕಿದ್ರೆ ಕೇಪಿನ ಡಬ್ಬಿ ಇಲ್ಲ. "ಕೇಪೆಲ್ಲವ್ವಾ?" ಅಂತ ಕೂಗಾಡಿದ. ಅಜ್ಜಿ ವಾಡೆಗೆ ಒರಗಿ ಕೂತಿದ್ದೋಳು "ನಂಗೇನ್ಲಾ ಗೊತ್ತು, ನೀವು ಗಂಡಸ್ರು ಇಟ್ಕಳದು" ಅಂದ್ಲು. ಮನೆಯೆಲ್ಲ ಜಾಲಾಡಿ ಸುಸ್ತಾಗಿ ಜಗಲಿ ಮೇಲೇ ಮಲಗಿಬಿಟ್ಟ. ಅಜ್ಜಿ ಎದ್ದು ನಳಿಗೆ ತುಂಬ ನೀರು ಹುಯ್ದು ಮದ್ದು ನೆನೆಸಿಬಿಟ್ಲು. ನಾನು ಕಂಬಳಿ ಸಂದಿಯಿಂದ ನೋಡ್ತಿದ್ದೆ. ಅವಳ ಬಲಗೈ ಮೊಣಕೈವರೆಗೂ ರಾಗಿ ಧೂಳು. ಆ ಹೊತ್ತಲ್ಲಿ ಯಾಕೆ ರಾಗಿ ಅಳೆದ್ಲು ಅಂತ ಮಾತ್ರ ನನಗೆ ಹೊಳೀಲಿಲ್ಲ.

ಬೆಳಗ್ಗೆ ಚಿಕ್ಕಪ್ಪ ಅಜ್ಜಿ ಕಾಲು ಹಿಡಕೊಂಡು ಅತ್ತ. ಬಾವಿ ಆಮೇಲೆ ಎರಡು ಪಾಲಾಯ್ತು. ಚಿಕ್ಕಪ್ಪನ ಮೊಮ್ಮಕ್ಕಳು ಇವತ್ತೂ ನಮ್ಮನೇಲಿ ಹಬ್ಬ ಮಾಡ್ತವೆ.

ಬಂದೂಕ ಅಷ್ಟೊತ್ತಿಗೇ ಬರೀ ಸದ್ದಿನ ಸಾಮಾನಾಗಿತ್ತು. 1972ರ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ನಮ್ಮ ಬೆಟ್ಟದ ಕಾಡನ್ನ ತೋಳಕ್ಕೆ ಅಂತ ಅಭಯಾರಣ್ಯ ಮಾಡಿದ ಮೇಲೆ, ಅನುಮತಿ ಇಲ್ಲದೆ ಹಂದಿ ಹೊಡೆಯಂಗಿಲ್ಲ, ನವಿಲಂತೂ ಮುಟ್ಟಂಗೇ ಇಲ್ಲ. ಅಪ್ಪ ಬರೀ ಮದ್ದು ತುಂಬಿ ಢಂ ಅನ್ನಿಸೋರು. ಹಂದಿ ಓಡೋವು, ನಾಳೆ ಬರೋವು.

ಹೋದ ವರ್ಷ ಅಪ್ಪ ಹೋದ್ರು. ಬಂದೂಕ ಹೊಲದ ಥರ ಪಾಲಿಗೆ ಬರೋದಲ್ಲ. ಲೈಸೆನ್ಸು ಆ ಮನುಷ್ಯನ ಜೊತೆಗೇ ಮುಗೀತದೆ. ಬಂದೂಕ ಒಪ್ಪಿಸಬೇಕು, ಬೇಕಾದೋರು ಹೊಸದಾಗಿ ಅರ್ಜಿ ಹಾಕಬೇಕು. ನಮ್ಮ ತಮ್ಮನ ಮಗ ಬೆಂಗಳೂರಿಂದ ಬಂದು "ಅತ್ತೆ, ನಾನು ಹಾಕ್ತೀನಿ. ಇದನ್ನ ಕೊಟ್ಟು ಸೆಮಿ ಆಟೊಮ್ಯಾಟಿಕ್ ರೈಫಲ್ ತಗಳಣ" ಅಂತ ಫೋನಲ್ಲಿ ತೋರಿಸ್ದ. ಒಂದು ಸಲ ಎಳೆದ್ರೆ ಒಂದು ಗುಂಡು. ಆ ಹೊಡೆತದ ಬಲದಿಂದ್ಲೇ ಖಾಲಿ ತೋಟಾ ಆಚೆ ಬಿದ್ದು ಇನ್ನೊಂದು ತಾನೇ ಒಳಗೆ ಕೂರ್ತದೆ. ಅಮೇರಿಕದಲ್ಲಿ 1906ರಲ್ಲೇ ರೆಮಿಂಗ್ಟನ್ ಕಂಪನಿ ಬೇಟೆಗಾರರಿಗೆ ಅಂಥದ್ದು ಮಾರ್ತಿತ್ತು. ಈಗಲ್ಲಿ ಹಿಡಿ, ದುರ್ಬೀನು, ನಳಿಗೆ ಎಲ್ಲ ಬೇಕಾದಂಗೆ ಬದಲಾಯಿಸಿಕೊಳ್ತಾರೆ, ನಾವು ಬ್ಲೌಸಿಗೆ ತೋಳು ಬದಲಾಯಿಸಿದಂಗೆ. ನಮ್ಮ ದೇಶದಲ್ಲಿ ಅದು ನಿರ್ಬಂಧದ ಆಯುಧ, ನಮ್ಮಂಥೋರ್ಗೆ ಸಿಗೋದಲ್ಲ. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಕುಯ್ದು ಮೋಟು ಮಾಡೋದೂ ಅಪರಾಧ.

"ಕೊಡಗಿನೋರ ಮನೇಲಿ ಇಲ್ವಾ?" ಅಂದ. ಇದಾವಪ್ಪ, ಅವರಿಗೆ 1861ರಿಂದ ವಿನಾಯ್ತಿ ಐತೆ. ಸೆಪ್ಟೆಂಬರ್ 3ಕ್ಕೆ ಕೈಲ್‌ಪೊದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡ್ತಾರೆ. ಅದು ಅವರ ಕುಲದ ಮರ್ಯಾದೆ. ನಮ್ಮದು ಕಡ್ಲೆಕಾಯಿ ಕಾಯೋ ಬಂದೂಕ.

ಅವ್ವ ಇದೆಲ್ಲ ಕೇಳಿಸಿಕೊಂಡು ಕೂತಿದ್ದೋಳು ಎದ್ದು ಹೋಗಿ ವಾಡೆಗೆ ಕೈ ಹಾಕಿದ್ಲು. ಮೊಣಕೈವರೆಗೂ. ರಾಗಿ ಒಳಗಿಂದ ತಗಡಿನ ಡಬ್ಬಿ ತೆಗೆದು ಅವನ ಮುಂದೆ ಇಟ್ಲು.

"ನಮ್ಮತ್ತೆ ಸಾಯೋ ಮುಂಚೆ ನಂಗೆ ಕೊಟ್ಟಿದ್ದು ಇದೊಂದೇಯ. ನಿಮ್ಮ ತಾತ ಹಂದಿ ಓಡಿಸಕ್ಕೆ ಕೇಳ್ದಾಗ ಒಂದೊಂದೇ ಎಣಿಸಿ ಕೊಡ್ತಿದ್ದೆ. ತಾನೇ ತುಂಬ್ಕಳೋ ಬಂದೂಕದಲ್ಲಿ ನಾನು ಏನ್ಲಾ ಬಚ್ಚಿಡ್ಲಿ?"

ಅಳಿಯ ಸುಮ್ಮನಾದ. ಆ ರಾತ್ರಿಯ ರಾಗಿ ಧೂಳು ನನಗೆ ಆಗ ಅರ್ಥವಾಯ್ತು.

ಮಾರನೇ ವಾರ ನಾನು, ಅವ್ವ, ತಮ್ಮ ಹೋಗಿ ಬಂದೂಕ, ಕೇಪು, ಉಳಿದ ಮದ್ದು ಎಲ್ಲ ಠಾಣೆಗೆ ಒಪ್ಪಿಸಿ ರಸೀದಿ ತಗೊಂಡು ಬಂದ್ವಿ. ಕೊಡೋ ಮುಂಚೆ ಅವ್ವ ಒಂದು ಸಲ ಬಿಸಿನೀರು ಹುಯ್ದು ತೊಳೆದು ಎಣ್ಣೆ ಒರೆಸಿದ್ಲು. ಆಮೇಲೆ ಯಾರೂ ಅರ್ಜಿ ಹಾಕಲಿಲ್ಲ. ಈ ಸಲ ಹಂದಿ ಕಡ್ಲೆಕಾಯಿ ಅರ್ಧ ತಿಂದವು, ಸುಳ್ಳು ಹೇಳಲ್ಲ. ತಗಡು ಬಡಿದು, ಪಟಾಕಿ ಹೊಡೆದು ಉಳಿದದ್ದು ಉಳಿಸಿಕೊಂಡ್ವಿ.

ನಿಮ್ಮ ಮನೇಲೂ ಅಟ್ಟದ ಮೇಲೋ ಗೋಡೆ ಮೇಲೋ ಹಳೇ ಬಂದೂಕ ಇದ್ರೆ, ಲೈಸೆನ್ಸ್ ಯಾರ ಹೆಸರಲ್ಲೈತೆ, ಯಾವತ್ತಿಗೆ ಮುಗೀತದೆ ಅಂತ ಇವತ್ತೇ ನೋಡಿ. ಕೇಪೋ ತೋಟಾನೋ ಅದರ ಪಕ್ಕದಲ್ಲೇ ಇದ್ರೆ ತೆಗೆದು ಬ್ಯಾರೆ ಕಡೆ ಬೀಗ ಹಾಕಿಡಿ. ಬೀಗದ ಕೈ ನಿಮ್ಮ ಸೊಂಟದಲ್ಲಿರ್ಲಿ.